ಹದಿಮೂರು ಸ್ಕ್ರೂ ಬಿಚ್ಚಿದರೆ

"ಅದ್ಯಾಕೆ ಹಂಗೆ ಗುಂಯ್ ಅಂತಿದೆ?" ಅಂತ ಅಪ್ಪ ಅಡುಗೆಮನೆಯಿಂದಲೇ ಕೇಳಿದರು.

ಶನಿವಾರ ಬೆಳಿಗ್ಗೆ. ನಾನು ಬೇಸ್ ಗಿಟಾರಿಗೆ ವೈರ್ ಚುಚ್ಚಿ, ಆಂಪ್ಲಿಫೈಯರ್ ಆನ್ ಮಾಡಿ, ಇನ್ನೂ ಒಂದು ಸ್ವರವನ್ನೂ ನುಡಿಸಿರಲಿಲ್ಲ. ಅಷ್ಟರಲ್ಲೇ ಆ ಸದ್ದು. ನನಗೆ ಅದು ಅಭ್ಯಾಸವಾಗಿಹೋಗಿತ್ತು. ಐವತ್ತು ವರ್ಷ ದಾಟಿದ ವಾದ್ಯ, ಸ್ವಲ್ಪ ಗೊಣಗಿಕೊಳ್ಳುತ್ತೆ ಬಿಡು ಅಂತ ಸುಮ್ಮನಿದ್ದೆ. ಅಪ್ಪನಿಗೆ ಮಾತ್ರ ಅದು ತಡೆಯಲಿಲ್ಲ. ಅರಸೀಕೆರೆಯಲ್ಲಿ ಸ್ಟೇಷನ್ನಿಗೆ ಹತ್ತಿರ ನಲವತ್ತು ವರ್ಷ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಕ್ಯಾಲಿಫೋರ್ನಿಯಾದ ಅರ್ವೈನಿಗೆ, ನಮ್ಮ ಮನೆಗೆ ಬಂದು ಮೂರು ವಾರವಾಗಿತ್ತು. ಮೊದಲ ವಾರ ನಿದ್ದೆ, ಎರಡನೇ ವಾರ ಕಾಸ್ಟ್ಕೊ, ಮೂರನೇ ವಾರದ ಹೊತ್ತಿಗೆ ನಮ್ಮ ಮನೆಯಲ್ಲಿ ಕೆಟ್ಟಿರೋದು ಏನಾದರೂ ಸಿಗುತ್ತಾ ಅಂತ ಕೋಣೆ ಕೋಣೆ ತಿರುಗುತ್ತಿದ್ದರು. ಏನೂ ಸಿಕ್ಕಿರಲಿಲ್ಲ. ಇಲ್ಲಿ ಕೆಟ್ಟದ್ದನ್ನು ಯಾರೂ ಇಟ್ಟುಕೊಳ್ಳುವುದಿಲ್ಲವಲ್ಲ.

ಕೈ ಒರೆಸಿಕೊಂಡು ಬಂದು ಎದುರಿಗೆ ನಿಂತರು. "ತಂತಿ ಮುಟ್ಟು."

ಮುಟ್ಟಿದೆ. ಸದ್ದು ಹಾಗೇ ಇತ್ತು.

"ಈಗ ಆ ನಾಬ್ ಮುಟ್ಟು. ಸ್ಟೀಲಿಂದು ಐತಲ್ಲ, ಅದು."

ಮುಟ್ಟಿದೆ. ಸದ್ದು ತಟ್ಟನೆ ಅಡಗಿತು. ಕೈ ತೆಗೆದೆ, ಮತ್ತೆ ಶುರು.

"ತಂತಿ ಕೊನೇಲಿ ಕೂತಿದೆಯಲ್ಲ ಆ ತಗಡು, ಅದಕ್ಕೆ ಅರ್ತ್ ಹೋಗ್ತಿಲ್ಲ. ಬಿಚ್ಚು."

ಪೂರ್ತಿ ಒಂದು ನಿಮಿಷವೂ ಆಗಿರಲಿಲ್ಲ. ಜೀವಮಾನದಲ್ಲಿ ಅಪ್ಪ ಒಂದು ಬೇಸ್ ಗಿಟಾರಿನ ಒಳಗನ್ನು ನೋಡಿದವರಲ್ಲ.

ಈ ವಾದ್ಯದ ಬಗ್ಗೆ ಸ್ವಲ್ಪ ಹೇಳಬೇಕು. ಫೆಂಡರ್ ಪ್ರಿಸಿಷನ್ ಬೇಸ್, ಅಂದರೆ ದಪ್ಪ ಸ್ವರಗಳ ನಾಲ್ಕು ತಂತಿಯ ಗಿಟಾರು. ಚರ್ಚಿನಲ್ಲಿ ನುಡಿಸಿಕೊಂಡಿದ್ದ ಒಬ್ಬ ಅಜ್ಜನಿಂದ ಕೊಂಡದ್ದು. ಬೆಲೆ ಹೇಳಿದರೆ ಅಮ್ಮ ಇದನ್ನು ಓದಿದಾಗ ಕಷ್ಟ. ನಾನು ಬೇಸ್ ಹಿಡಿದದ್ದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ. ಕಾಲೇಜಿನ ಆರ್ಕೆಸ್ಟ್ರಾದಲ್ಲಿ ಮೂವರು ಗಿಟಾರಿನವರಿದ್ದರು, ಬೇಸಿಗೆ ಒಬ್ಬರೂ ಇರಲಿಲ್ಲ. ಕೊನೆಗೆ ಸೇರಿದವಳು ನಾನು, ಉಳಿದಿದ್ದು ಅದು. ಈಗ ವರ್ಷಕ್ಕೊಮ್ಮೆ ಇಲ್ಲಿನ ಕನ್ನಡದವರ ರಾಜ್ಯೋತ್ಸವದ ಸ್ಟೇಜಿನಲ್ಲಿ ಎಂಟು ಹಾಡಿಗೆ ನುಡಿಸುತ್ತೇನೆ. ಮಿಕ್ಕ ದಿನ ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ.

ವಾದ್ಯದ ಮೈಮೇಲೆ ಕೂತ ಕಪ್ಪು ಪ್ಲಾಸ್ಟಿಕ್ಕಿನ ಹಾಳೆ, ಅಂದರೆ ಪಿಕ್‌ಗಾರ್ಡು, ಅದಕ್ಕೆ ಹದಿಮೂರು ಸ್ಕ್ರೂ. ಹನ್ನೆರಡು ಒಂದೇ ಥರ ತುಕ್ಕು ಹಿಡಿದಿವೆ, ಒಂದು ಮಾತ್ರ ಹೊಳೆಯುತ್ತದೆ. ಎಂದೋ ಯಾರೋ ಬಿಚ್ಚಿದಾಗ ಸೋಫಾ ಕೆಳಗೆ ಹೋಗಿರಬೇಕು. ತಂತಿಗಳನ್ನು ಸಡಿಲ ಮಾಡಿ, ಪಿಕ್‌ಗಾರ್ಡನ್ನು ಪಕ್ಕಕ್ಕೆ ಸರಿಸಿ ಮಗುಚಿ ಹಾಕಿದೆ. ಅಪ್ಪ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ನೋಡಿ, ಸ್ವಲ್ಪ ನಿರಾಶೆಯಿಂದಲೇ ಅಂದರು, "ಇಷ್ಟೇನಾ?"

ಇಷ್ಟೇ. ಎರಡು ಕಂಟ್ರೋಲು, ಒಂದು ವಾಲ್ಯೂಮಿಗೆ, ಒಂದು ಟೋನಿಗೆ, ಎರಡೂ 250 ಕಿಲೋ ಓಮಿನವು. ಒಂದು ಕಂಡೆನ್ಸರ್. ಒಂದು ಜ್ಯಾಕು. ನಾಲ್ಕೈದು ತುಂಡು ವೈರು. ಬ್ಯಾಟರಿ ಇಲ್ಲ, ಸರ್ಕ್ಯೂಟ್ ಬೋರ್ಡು ಇಲ್ಲ.

"ಇದು ನಮ್ಮ ವಾಲ್ವ್ ಸೆಟ್ಟಿನ ಟೋನ್ ಕಂಟ್ರೋಲು ಕಣಮ್ಮಾ! ಕಂಡೆನ್ಸರ್ ಮೂಲಕ ಮೇಲಿನ ಶಬ್ದ ಎಲ್ಲಾ ಅರ್ತಿಗೆ ಇಳಿದುಹೋಗುತ್ತೆ, ದಪ್ಪ ಶಬ್ದ ಉಳ್ಕೊಳ್ಳುತ್ತೆ. ಇದನ್ನ ಮಾಡಿದೋನು ರೇಡಿಯೋ ರಿಪೇರಿಯೋನಾ?"

ಹೌದು. ಹಾಗೆ ಶುರುವಾಯಿತು ನಮ್ಮ ಮಾತು. ಸೋಲ್ಡರಿಂಗ್ ಐರನ್ ಕೊಳ್ಳಲು ಹೋಗುವ ದಾರಿಯಲ್ಲೂ ಮುಂದುವರಿಯಿತು. ಊರಿಂದ ಅಪ್ಪ ಒಂದು ಐರನ್ ತಂದಿದ್ದರು, ಪಂಚೆಯಲ್ಲಿ ಸುತ್ತಿ, ಚಟ್ನಿಪುಡಿ ಡಬ್ಬದ ಪಕ್ಕ. ಅದು 230 ವೋಲ್ಟಿನದು. ಇಲ್ಲಿನ 120ಕ್ಕೆ ಕಾಲುಪಾಲು ಬಿಸಿಯಾಗುತ್ತೆ ಅನ್ನೋದು ಅವರಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಯಾಕೆ ತಂದಿರಿ ಅಂದರೆ, "ಇರ್ಲಿ ಅಂತ."

ಲಿಯೋ ಫೆಂಡರ್ ಹುಟ್ಟಿದ್ದು 1909ರಲ್ಲಿ, ಇದೇ ಆರೆಂಜ್ ಕೌಂಟಿಯಲ್ಲಿ. ಆರೆಂಜ್ ಕೌಂಟಿ ಎನ್ನುವ ಹೆಸರಿಗೆ ಆಗ ಅರ್ಥವಿತ್ತು. ಅವನ ತಂದೆತಾಯಿಯದು ಕಿತ್ತಳೆ ತೋಟ. ಎಂಟು ವರ್ಷದವನಿದ್ದಾಗ ಒಂದು ಕಣ್ಣು ಹೋಯಿತು, ಮುಂದೆ ಗಾಜಿನ ಕಣ್ಣು. ಓದಿದ್ದು ಅಕೌಂಟಿಂಗು. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲಕ್ಕೆ ಲೆಕ್ಕ ಬರೆಯುವ ಕೆಲಸ ಹೋದಾಗ, 600 ಡಾಲರ್ ಸಾಲ ಮಾಡಿ 1938ರಲ್ಲಿ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ. ಊರಿನ ಕಾರ್ಯಕ್ರಮಗಳಿಗೆ ಮೈಕ್ ಸೆಟ್ ಕಟ್ಟಿ ಬಾಡಿಗೆಗೂ ಕೊಡುತ್ತಿದ್ದ. ಇಷ್ಟು ಹೇಳುವಷ್ಟರಲ್ಲಿ ಅಪ್ಪ ಪೂರ್ತಿ ಅವನ ಕಡೆಯವರಾಗಿಬಿಟ್ಟಿದ್ದರು. ಗಣೇಶನ ಹಬ್ಬದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಟ್ಟು, ಬಾಡಿಗೆ ವಸೂಲಿಗೆ ದೀಪಾವಳಿವರೆಗೆ ಅಲೆದವರಿಗೆ ಅದರ ಕಷ್ಟ ಗೊತ್ತು.

"ಅವನು ಇವನು ಅನ್ಬೇಡ, ದೊಡ್ಡೋರು," ಅಂತ ನನ್ನನ್ನು ತಿದ್ದಿದರು. ಕ್ಷಮಿಸಿ ಅಪ್ಪಾ, ಬ್ಲಾಗಿನಲ್ಲಿ ಏಕವಚನವೇ ಇರಲಿ, ಆತ್ಮೀಯವಾಗಿರುತ್ತೆ.

ಮುಖ್ಯ ಸಂಗತಿ ಇದು: ಲಿಯೋಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ವಾದ್ಯಗಾರರ ಆಂಪ್ಲಿಫೈಯರು ರಿಪೇರಿಗೆ ಬರುತ್ತಿದ್ದವು, ಅದರ ಜೊತೆ ಅವರ ದೂರುಗಳೂ ಬರುತ್ತಿದ್ದವು. ಅವನು ಕಿವಿಗೊಟ್ಟದ್ದು ಆ ದೂರುಗಳಿಗೆ. ತಾನೇ ವಾದ್ಯಗಾರನಾಗಿದ್ದರೆ, ವಾದ್ಯ ಅಂದರೆ ಹೀಗೇ ಇರಬೇಕು ಅನ್ನುವ ಹಟ ಅವನಿಗೂ ಇರುತ್ತಿತ್ತೇನೋ.

ಬೇಸ್ ನುಡಿಸುವವರ ದೂರು ಏನಿತ್ತು? ಅವರು ನುಡಿಸುತ್ತಿದ್ದದ್ದು ಆಳೆತ್ತರದ ಡಬಲ್ ಬೇಸ್, ನಿಂತು, ಅಪ್ಪಿಕೊಂಡು. ಕಾರಿನೊಳಗೆ ಹಿಡಿಯುವುದಿಲ್ಲ, ಮೇಲೆ ಕಟ್ಟಬೇಕು. ಗಿಟಾರಿಗೆ ಕರೆಂಟು ಬಂದ ಮೇಲೆ, ಡ್ರಮ್ಮಿನ ಪಕ್ಕ ನಿಂತ ಬೇಸಿನವನು ಎಷ್ಟು ಜಗ್ಗಿದರೂ ಯಾರಿಗೂ ಕೇಳಿಸುವುದಿಲ್ಲ. ಮೈಕ್ ಇಟ್ಟರೆ ಆ ದೊಡ್ಡ ಟೊಳ್ಳು ಪೆಟ್ಟಿಗೆ ಊಳಿಡುತ್ತದೆ. ಅದರ ಮೇಲೆ, ಆ ಉದ್ದ ಕೊರಳಿನಲ್ಲಿ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆ ಆಚೀಚೆ ಇಟ್ಟರೂ ಅಪಸ್ವರ. ಗಿಟಾರಿನವನಿಗೆ ಒಂದು ರಾತ್ರಿಯ ಮಟ್ಟಿಗೆ ಬೇಸ್ ಹಿಡಿ ಅಂದರೆ ಆಗದ ಮಾತು.

1951ರ ಕೊನೆಯ ಹೊತ್ತಿಗೆ ಲಿಯೋ ಇದಕ್ಕೆ ಕೊಟ್ಟ ಉತ್ತರ ಒಂದು ಹಲಗೆ. ಹೌದು, ಹಲಗೆಯೇ: ಆಶ್ ಮರದ ಗಟ್ಟಿ ಹಲಗೆ, ಅಂಚು ಕೂಡ ಉರುಟು ಮಾಡದ್ದು. ಅದಕ್ಕೆ ಮೇಪಲ್ ಮರದ ಒಂದೇ ತುಂಡಿನ ನೆಕ್, ನಾಲ್ಕು ಸ್ಕ್ರೂ ಹೊಡೆದು ಕೂರಿಸಿದ್ದು. ಟೊಳ್ಳಿಲ್ಲ, ಹಾಗಾಗಿ ಊಳಿಡುವುದಿಲ್ಲ. ನೆಕ್ಕಿನ ಮೇಲೆ 20 ಫ್ರೆಟ್ಟು. ನಮ್ಮ ವೀಣೆಯ 24 ಮೆಟ್ಟಿಲು ಕಂಡವರಿಗೆ ಇದರಲ್ಲಿ ವಿಶೇಷ ಕಾಣುವುದಿಲ್ಲ. ಆದರೆ ಡಬಲ್ ಬೇಸಿನ ಜಗತ್ತಿಗೆ ಅದೇ ಕ್ರಾಂತಿ. ಬೆರಳು ಎಲ್ಲಿಟ್ಟರೂ ಸ್ವರ ಕರಾರುವಾಕ್ಕು, ಆದ್ದರಿಂದಲೇ ಪ್ರಿಸಿಷನ್ ಅನ್ನುವ ಹೆಸರು. ಅಪ್ಪ ಅಂದರು, "ವರ್ನಿಯರ್ ಕ್ಯಾಲಿಪರ್ಸಿಗೆ ಇಡೋ ಹೆಸರು."

ಮೊದಲಿಗ ಇವನೇ ಅಂತ ಬರೆದರೆ ತಪ್ಪಾಗುತ್ತೆ. ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಎನ್ನುವವರು 1930ರ ದಶಕದ ನಡುವಿನಲ್ಲೇ ಆಡಿಯೋವಾಕ್ಸ್ ಹೆಸರಿನಲ್ಲಿ ಗಟ್ಟಿಮರದ, ಫ್ರೆಟ್ಟಿರುವ, ಕರೆಂಟಿನ ಬೇಸ್ ಮಾಡಿದ್ದರು. ಅದು ಕೆಲವೇ ಕೆಲವು ಜನರ ಕೈಗೆ ಹೋಗಿ ಅಲ್ಲಿಗೇ ನಿಂತಿತು. ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗಿ, ಅಂಗಡಿಗೆ ಬಂದು, ಬ್ಯಾಂಡುಗಳ ಸದ್ದನ್ನೇ ಬದಲಿಸಿದ್ದು ಫುಲರ್ಟನ್ನಿನದು.

ಎಷ್ಟು ಉದ್ದ ಇರಬೇಕು ಅನ್ನೋದು ದೊಡ್ಡ ಪ್ರಶ್ನೆಯಾಗಿತ್ತು. ಡಬಲ್ ಬೇಸಿನ ತಂತಿ ಒಂದು ತುದಿಯಿಂದ ಇನ್ನೊಂದಕ್ಕೆ 41-42 ಇಂಚು. ಗಿಟಾರಿನದು ಇಪ್ಪತ್ತೈದರ ಆಸುಪಾಸು. ತಂತಿ ಗಿಡ್ಡವಾದರೆ ಕೆಳಗಿನ ಇ ಸ್ವರ, ಅಂದರೆ ಸೆಕೆಂಡಿಗೆ 41 ಕಂಪನ, ಸಡಿಲವಾಗಿ ಜೋತುಬೀಳುತ್ತದೆ. ಉದ್ದವಾದರೆ ಕೈ ಎಟುಕುವುದಿಲ್ಲ. 30 ಇಂಚು ನೋಡಿ, 36 ನೋಡಿ, ಕೊನೆಗೆ 34ಕ್ಕೆ ನಿಂತನಂತೆ. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಬೇಸ್ ಗಿಟಾರ್ ಕೊಂಡರೂ ಬಹುಪಾಲು ಅದೇ 34. ನನ್ನ ಎಡಗೈ ಕಿರುಬೆರಳಿಗೆ ಮೊದಲ ಫ್ರೆಟ್ಟಿನ ಹತ್ತಿರ ಈಗಲೂ ಅದರ ಮೇಲೆ ಸಿಟ್ಟಿದೆ, ಆದರೆ ಕಿವಿಗೆ ತಕರಾರಿಲ್ಲ.

ಉದ್ದ ನೆಕ್ಕು, ತುದಿಯಲ್ಲಿ ತಂತಿ ಬಿಗಿಯುವ ನಾಲ್ಕು ದಪ್ಪ ಲೋಹದ ಕಿವಿಗಳು. ಹೆಗಲಿಗೆ ಹಾಕಿಕೊಂಡು ಕೈಬಿಟ್ಟರೆ ನೆಕ್ ನೆಲಕ್ಕೆ ಬಾಗುತ್ತದೆ. ಅದಕ್ಕೆ ಮೈಯ ಮೇಲ್ಭಾಗವನ್ನು ಒಂದು ಕೊಂಬಿನಂತೆ ಮುಂದಕ್ಕೆ ಎಳೆದು, ಬೆಲ್ಟಿನ ಗುಂಡಿಯನ್ನು ಅದರ ತುದಿಗೆ ಹಾಕಿದರು. ತಕ್ಕಡಿಯ ಹಿಡಿ ಸರಿಯಾದ ಜಾಗಕ್ಕೆ ಬಂದ ಹಾಗೆ. ಎರಡೂ ಕಡೆ ಕೊಂಬಿರುವ ಆ ಆಕಾರ ಚೆಂದಕ್ಕೆ ಹುಟ್ಟಿದ್ದಲ್ಲ. ಫೆಂಡರ್ ಕಂಪನಿಯ ಎರಡು ಕೊಂಬಿನ ಮೊದಲ ವಾದ್ಯ ಇದೇ. ಜಗತ್ತೆಲ್ಲ ಗಿಟಾರ್ ಅಂದರೆ ಕಣ್ಣಮುಂದೆ ತಂದುಕೊಳ್ಳುವ ಸ್ಟ್ರ್ಯಾಟೋಕಾಸ್ಟರ್ ಬಂದದ್ದು ಮೂರು ವರ್ಷ ಬಿಟ್ಟು, 1954ರಲ್ಲಿ. ಅದಕ್ಕೆ ಮೈಯ ಅಂಚುಗಳನ್ನು ಪಕ್ಕೆಲುಬಿಗೆ ಒತ್ತದ ಹಾಗೆ ಕೆತ್ತಿದರು, ಆಮೇಲೆ ಅದೇ ಕೆತ್ತನೆ ಬೇಸಿಗೂ ಬಂತು. ಅಣ್ಣನ ಆಕಾರ ತಮ್ಮನಿಗೆ, ತಮ್ಮನ ಅಂಗಿ ಅಣ್ಣನಿಗೆ.

1952ರ ಜುಲೈನಲ್ಲಿ ಡೌನ್ ಬೀಟ್ ಪತ್ರಿಕೆಯಲ್ಲಿ ಲೆನರ್ಡ್ ಫೆದರ್ ಇದರ ಬಗ್ಗೆ ಬರೆದ. ಲಯನಲ್ ಹ್ಯಾಂಪ್ಟನ್ ಬ್ಯಾಂಡಿನಲ್ಲಿ ರಾಯ್ ಜಾನ್ಸನ್ ಕೈಯಲ್ಲಿ ಈ ವಾದ್ಯ. ಬೇಸಿನವನು ಕಾಣುವುದಿಲ್ಲ, ಆದರೆ ಬೇಸ್ ಕೇಳಿಸುತ್ತಿದೆ, ನೋಡಿದರೆ ಗಿಟಾರಿನಂಥದ್ದು ಹಿಡಿದವನಿಂದ ಬರುತ್ತಿದೆ ಅನ್ನುವ ಬೆರಗು ಆ ಬರಹದಲ್ಲಿದೆ. ಅದೇ ವರ್ಷ ಕಂಪನಿ ಇದಕ್ಕೆಂದೇ ಬೇಸ್‌ಮ್ಯಾನ್ ಅನ್ನುವ ಆಂಪ್ಲಿಫೈಯರನ್ನೂ ತಂದಿತು, ಒಂದೇ 15 ಇಂಚಿನ ಸ್ಪೀಕರಿನದು. ತಮಾಷೆ ಅಂದರೆ ಮುಂದೆ ಅದು ನಾಲ್ಕು 10 ಇಂಚಿನ ಸ್ಪೀಕರಿಗೆ ಬದಲಾದ ಮೇಲೆ ಗಿಟಾರಿನವರು ಹಾರಿಸಿಕೊಂಡು ಹೋದರು. ಬೇಸಿನವರಿಗೆ ಅಂತ ಮಾಡಿದ್ದು ಬೇಸಿನವರಿಗೆ ಉಳಿಯುವುದಿಲ್ಲ, ನಮ್ಮ ಆರ್ಕೆಸ್ಟ್ರಾದಲ್ಲೂ ಹಾಗೇ ಇತ್ತು.

ಗಿಬ್ಸನ್ ಕಂಪನಿ 1953ರಲ್ಲಿ ಎದುರುತ್ತರವಾಗಿ ಒಂದು ಬೇಸ್ ತಂದಿತು. ಪಿಟೀಲಿನ ಆಕಾರ, ಮೈಮೇಲೆ ಪಿಟೀಲಿನ ತೂತಿನ ಚಿತ್ರವನ್ನು ಬಣ್ಣದಲ್ಲಿ ಬರೆದದ್ದು, ನಿಲ್ಲಿಸಿ ನುಡಿಸುವವರಿಗೆ ಕೆಳಗೊಂದು ಎಳೆಯುವ ಕಡ್ಡಿ. ಹಳೇ ವಾದ್ಯದ ಮರ್ಯಾದೆ ಕಾಯಲು ಹೊರಟದ್ದು. ಆ ಬರೆದ ತೂತು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಲಿಯೋಗೆ ಕಾಯಬೇಕಾದ ಮರ್ಯಾದೆ ಯಾವುದೂ ಇರಲಿಲ್ಲ.

ಮತ್ತೆ ನಮ್ಮ ಊಟದ ಮೇಜಿಗೆ ಬರೋಣ. ಹಳೇ ಪೇಪರ್ ಹಾಸಿ, ಅದರ ಮೇಲೆ ಟವೆಲ್ ಹಾಸಿ, ಅದರ ಮೇಲೆ ಬೇಸನ್ನು ಅಂಗಾತ ಮಲಗಿಸಿದ್ದೆವು. ಅಪ್ಪನ ಬೆರಳು ಪಿಕಪ್ಪಿನ ಮೇಲೆ ನಿಂತಿತು. ಪಿಕಪ್ ಅಂದರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ. ಉಕ್ಕಿನ ತಂತಿ ಮೇಲೆ ನಡುಗಿದರೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ.

"ಇದ್ಯಾಕೆ ಎರಡು ತುಂಡು, ಮೇಲೆ ಕೆಳಗೆ?"

ಇದಕ್ಕೆ ಉತ್ತರ 1957ರಲ್ಲಿದೆ. ಆವರೆಗೆ ಇದ್ದದ್ದು ಒಂದೇ ಸುರುಳಿ, ತಂತಿಗೊಂದು ಅಯಸ್ಕಾಂತದ ಗೂಟ. ಒಂಟಿ ಸುರುಳಿ ಅಂದರೆ ಒಂದು ಏರಿಯಲ್ ಇದ್ದ ಹಾಗೆ. ತಂತಿಯ ನಡುಕದ ಜೊತೆ ಗೋಡೆಯೊಳಗಿನ ಕರೆಂಟಿನ ಗುಂಯ್‌ಕಾರವನ್ನೂ ಹಿಡಿಯುತ್ತದೆ. 57ರಲ್ಲಿ ಅದನ್ನು ಎರಡು ತುಂಡು ಮಾಡಿದರು. ದಪ್ಪ ತಂತಿ ಎರಡಕ್ಕೆ ಒಂದು, ಸಣ್ಣ ತಂತಿ ಎರಡಕ್ಕೆ ಇನ್ನೊಂದು. ಒಂದಕ್ಕೊಂದು ಸುತ್ತು ಉಲ್ಟಾ, ಅಯಸ್ಕಾಂತವೂ ಉಲ್ಟಾ. ತಂತಿಯ ಸದ್ದಿಗೆ ಎರಡು ಉಲ್ಟಾ ಸೇರಿ ಸುಲ್ಟಾ, ಹಾಗಾಗಿ ಉಳಿಯುತ್ತದೆ. ಗುಂಯ್‌ಕಾರಕ್ಕೆ ಅಯಸ್ಕಾಂತದ ಹಂಗಿಲ್ಲ, ಸುತ್ತು ಮಾತ್ರ ಉಲ್ಟಾ, ಆದ್ದರಿಂದ ಒಂದನ್ನೊಂದು ಹೊಡೆದುಹಾಕಿಕೊಳ್ಳುತ್ತದೆ. ಅಷ್ಟೇ ಅಲ್ಲ, ಒಂದು ತಂತಿಗೆ ಒಂದರ ಬದಲು ಎರಡು ಗೂಟ ಇಟ್ಟರು. ತಂತಿ ನಡುವೆ ಹಾದುಹೋಗುತ್ತದೆ, ಮೊದಲ ಏಟಿನ ಪೆಟ್ಟು ಸ್ವಲ್ಪ ಮೆತ್ತಗಾಗುತ್ತದೆ. ಆ ಕಾಲದ ಸ್ಪೀಕರಿನ ಕಾಗದ ಹರಿಯದೆ ಉಳಿಯಬೇಕಿದ್ದರೆ ಅದು ಬೇಕಿತ್ತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, "ಹಂಗಾದ್ರೆ ಇದು ಹಮ್ ಅಲ್ಲ. ಹಮ್ ತೆಗೆಯೋಕೆ ಅವರೇ ವ್ಯವಸ್ಥೆ ಮಾಡಿದಾರೆ. ಇದು ನಿನ್ನ ಮೈಯಿಂದ ಬರೋ ಬಝ್. ತಂತಿ ಮುಟ್ಟಿದಾಗ ನಿನ್ನ ಮೈ ಅರ್ತ್ ಆಗಬೇಕು, ಆಗ್ತಿಲ್ಲ," ಅಂದರು. ನಾನು ಎಂಟು ವರ್ಷ ಇದನ್ನು ನುಡಿಸಿದ್ದೇನೆ. ಹಮ್ ಬೇರೆ, ಬಝ್ ಬೇರೆ ಅಂತ ಹೇಳಿಸಿಕೊಳ್ಳಲು ಅರಸೀಕೆರೆಯಿಂದ ಜನ ಬರಬೇಕಾಯಿತು.

ಬ್ರಿಜ್ಜನ್ನು, ಅಂದರೆ ತಂತಿ ಕೊನೆಯಲ್ಲಿ ಕೂತ ಆ ತಗಡನ್ನು, ಎತ್ತಿದೆವು. ಅದರ ಕೆಳಗೆ, ಮರದ ತೂತಿನಿಂದ ಹೊರಬಂದ ಒಂದು ವೈರಿನ ತುದಿ, ಪೂರ್ತಿ ಹಸಿರು ಕಿಲುಬು. ಮುಟ್ಟಿದ ಕೂಡಲೇ ಮುರಿದುಬಿತ್ತು. ಐವತ್ತು ವರ್ಷದ ಅಂಗೈ ಬೆವರು ಇಳಿದಿಳಿದು ಅಲ್ಲಿ ಸೇರಿದೆ. ಮೊದಮೊದಲು ಪಿಕ್‌ಗಾರ್ಡಿನಡಿಯ ಲೋಕವನ್ನು ನೋಡಿ ನಿರಾಶರಾಗಿದ್ದ ಅಪ್ಪ ಈಗ ಪೂರ್ತಿ ಖುಷಿಯಲ್ಲಿದ್ದರು.

ವೈರ್ ಬದಲಿಸುವ ಮೊದಲು ನಾನು ಟಾರ್ಚ್ ಹಿಡಿದು ವಾಲ್ಯೂಮ್ ಕಂಟ್ರೋಲಿನ ಬೆನ್ನು ತೋರಿಸಿದೆ. ಅಲ್ಲಿ ಅಚ್ಚೊತ್ತಿದ ಸಂಖ್ಯೆ: 1377312. ಇದನ್ನು ಓದುವ ಒಂದು ಕ್ರಮವಿದೆ. 137 ಅಂದರೆ ಸಿಟಿಎಸ್ ಅನ್ನುವ ತಯಾರಕರು, 73 ಅಂದರೆ 1973, 12 ಅಂದರೆ ಆ ವರ್ಷದ ಹನ್ನೆರಡನೇ ವಾರ. ಮಾರ್ಚ್ ತಿಂಗಳು. ಇದು ವಾದ್ಯ ಹುಟ್ಟಿದ ದಿನವಲ್ಲ, ಅದರ ಒಂದು ಬಿಡಿಭಾಗ ಹುಟ್ಟಿದ ದಿನ. ವಾದ್ಯ ಅದಕ್ಕಿಂತ ಮೊದಲಿನದ್ದಾಗಿರಲು ಸಾಧ್ಯವಿಲ್ಲ ಅಂತ ಮಾತ್ರ ಹೇಳಬಹುದು. ಇನ್ನೊಂದು ಸಾಕ್ಷಿ, ಬೆರಳೂರಲು ಇರುವ ಆ ಪುಟ್ಟ ಕಪ್ಪು ಕಟ್ಟೆ. ನನ್ನದರಲ್ಲಿ ಅದು ಸಣ್ಣ ತಂತಿಯ ಕೆಳಗಿದೆ. ಲಿಯೋನ ಲೆಕ್ಕದಲ್ಲಿ ಬೇಸಿನವರು ನಾಲ್ಕು ಬೆರಳನ್ನು ಆ ಕಟ್ಟೆಗೆ ಕೊಕ್ಕೆ ಹಾಕಿ ಹೆಬ್ಬೆರಳಲ್ಲಿ ತಂತಿ ಮೀಟುತ್ತಾರೆ. ಜನ ಮಾಡಿದ್ದು ತದ್ವಿರುದ್ಧ: ಹೆಬ್ಬೆರಳು ಊರಿ, ಬೆರಳಲ್ಲಿ ಮೀಟಿದರು. ಕಂಪನಿ ಒಪ್ಪಿಕೊಂಡು ಕಟ್ಟೆಯನ್ನು ದಪ್ಪ ತಂತಿಯ ಪಕ್ಕಕ್ಕೆ ಸ್ಥಳಾಂತರಿಸಿದ್ದು 1974ರಲ್ಲಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ತುಂಡು ಯಾರಿಗೂ ಬೇಡದ ಜಾಗದಲ್ಲಿ ಕೂತಿತ್ತು.

ಇನ್ನೊಂದು ಹಾಗೇ. ಬ್ರಿಜ್ಜಿನ ಮೇಲೊಂದು ಹೊಳೆಯುವ ಲೋಹದ ಮುಚ್ಚಳ, ಅದರೊಳಗೆ ಅಂಟಿಸಿದ ಮೆತ್ತೆ. ತಂತಿ ಬಹಳ ಹೊತ್ತು ರಣಗುಡದೆ ಡಬಲ್ ಬೇಸಿನ ಹಾಗೆ "ದುಂ" ಅಂದು ಸುಮ್ಮನಾಗಲಿ ಅಂತ. ಜನ ಅದನ್ನು ಬಿಚ್ಚಿ ಸಿಗರೇಟಿನ ಬೂದಿ ಝಾಡಿಸಲು ಇಟ್ಟುಕೊಂಡರು. ಅದಕ್ಕೆ ಆಶ್‌ಟ್ರೇ ಅಂತಲೇ ಹೆಸರು ನಿಂತಿದೆ.

ಆದರೆ ಮೆತ್ತೆಯ ಮರ್ಮ ತಿಳಿದವನು ಒಬ್ಬನಿದ್ದ. ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೋದ ಜೇಮ್ಸ್ ಜೇಮರ್ಸನ್. ಡಬಲ್ ಬೇಸಿನಿಂದ ಬಂದವನು. 1962ರ ಪ್ರಿಸಿಷನ್, ಮೆತ್ತೆ ಇದ್ದ ಹಾಗೇ, ನುಣುಪು ಸುತ್ತಿನ ದಪ್ಪ ತಂತಿ, ಅದನ್ನು ಬದಲಿಸುವುದೇ ಇಲ್ಲ. ಬಲಗೈಯ ಒಂದೇ ತೋರುಬೆರಳು. 1960ರ ದಶಕದಲ್ಲಿ ಆ ಒಂದು ಬೆರಳಿನಿಂದ ಬಂದದ್ದನ್ನು ಎರಡು ಕೈ ಹತ್ತು ಬೆರಳಿನಿಂದಲೂ ನಾನು ನುಡಿಸಲಾರೆ. 1983ರಲ್ಲಿ ತೀರಿಕೊಳ್ಳುವ ಸ್ವಲ್ಪ ಮೊದಲು ಆ ಬೇಸ್ ಕಳುವಾಯಿತು, ಇವತ್ತಿಗೂ ಸಿಕ್ಕಿಲ್ಲ. ನಾನು ಅವನ ಸದ್ದು ಹುಡುಕಿಕೊಂಡು ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಉದ್ದಕ್ಕೆ ಕತ್ತರಿಸಿ ಬ್ರಿಜ್ಜಿನ ಹತ್ತಿರ ತಂತಿಯಡಿ ತುರುಕಿದ್ದೇನೆ. ಹಳದಿ ಬಣ್ಣದ್ದು, ಒಂದು ಬದಿ ಹಸಿರು. ಅಮ್ಮ ಅದನ್ನು ನೋಡಿ, "ಇದಕ್ಕೂ ವಿಮ್ ಹಾಕ್ತೀಯಾ?" ಅಂದಿದ್ದರು.

ಮಾರನೇ ವಾರ ಫುಲರ್ಟನ್ನಿಗೆ ಹೋದೆವು. ಅರ್ಧ ಗಂಟೆಯ ದಾರಿ. ಅಲ್ಲಿನ ಮ್ಯೂಸಿಯಂನಲ್ಲಿ ಲಿಯೋ ಫೆಂಡರ್ ಹೆಸರಿನ ಗ್ಯಾಲರಿ ಇದೆ. ಅಪ್ಪನಿಗೆ ಅದಕ್ಕಿಂತ ಬೀದಿ ನೋಡುವ ಆಸೆ. ಹಾರ್ಬರ್ ಬುಲೆವಾರ್ಡ್, ಆಗಿನ ಹೆಸರು ಸ್ಪಾಡ್ರಾ ರೋಡು. ರೇಡಿಯೋ ಅಂಗಡಿ ಇದ್ದದ್ದು ಅದರ ಮೇಲೆ. ಕಾರ್ಖಾನೆ ಶುರುವಾದದ್ದು ರೈಲು ಹಳಿಯ ಹತ್ತಿರ, ತಗಡಿನ ಶೆಡ್ಡುಗಳಲ್ಲಿ. ಶೆಡ್ಡಿನಲ್ಲಿ ಕಕ್ಕಸು ಇರಲಿಲ್ಲವಂತೆ, ಕೆಲಸದವರು ಸ್ಟೇಷನ್ನಿಗೆ ಹೋಗಿ ಬರಬೇಕಿತ್ತಂತೆ. "ನಮ್ಮ ಅಂಗಡೀಲೂ ಅದೇ ಕಥೆ," ಅಂತ ಅಪ್ಪ ಏನೋ ದೊಡ್ಡ ಸಮಾಧಾನ ಸಿಕ್ಕವರಂತೆ ಹಳಿಯ ಕಡೆ ನೋಡಿ ನಿಂತರು. ಕಿತ್ತಳೆ ಮರ ಒಂದೂ ಕಾಣಲಿಲ್ಲ.

ಕಾಫಿ ಕುಡಿಯುತ್ತ ಉಳಿದ ಕಥೆ ಹೇಳಿದೆ. 1960ರಲ್ಲಿ ಎರಡು ಪಿಕಪ್ಪಿನ, ಸಪೂರ ನೆಕ್ಕಿನ ಜಾಝ್ ಬೇಸ್ ಬಂತು. 1965ರ ಜನವರಿಯಲ್ಲಿ ಸಿಬಿಎಸ್ ಕಂಪನಿ 1.3 ಕೋಟಿ ಡಾಲರಿಗೆ ಎಲ್ಲವನ್ನೂ ಕೊಂಡಿತು. ಹಳೇ ವಾದ್ಯ ಸಂಗ್ರಹಿಸುವವರು ಅಲ್ಲಿಗೊಂದು ಗೆರೆ ಎಳೆಯುತ್ತಾರೆ, ಆಚೆಯದು ಚಿನ್ನ, ಈಚೆಯದು ಹಿತ್ತಾಳೆ. ನನ್ನದು ಈಚೆಯದು. ಭಾರ ಹತ್ತು ಪೌಂಡು, ಬಣ್ಣದ ಮೇಲೆ ದಪ್ಪ ಪ್ಲಾಸ್ಟಿಕ್ಕಿನಂಥ ಲೇಪ, ಒಂದೂವರೆ ಗಂಟೆ ನಿಂತು ನುಡಿಸಿದರೆ ಎಡಹೆಗಲು ಮರುದಿನ ಮಾತಾಡಿಸುತ್ತದೆ. ಆದರೂ ಒಳಗಿರುವುದು ಅದೇ 1957ರ ಲೆಕ್ಕ. ಅದನ್ನು ಕೆಡಿಸಲು ಸಿಬಿಎಸ್‌ಗೂ ಆಗಲಿಲ್ಲ, ಕೆಡಿಸಲು ಅಲ್ಲಿ ಏನೂ ಹೆಚ್ಚಿಗೆ ಇರಲಿಲ್ಲವಲ್ಲ.

ಅಪ್ಪ ಕೇಳಿದ್ದು ಒಂದೇ: "ನೆಕ್ ಹಾಳಾದ್ರೆ?"

ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಹಾಕಬಹುದು. ಗಿಟಾರಿನ ಕುಲೀನರು ಅದನ್ನೇ ಆಡಿಕೊಂಡಿದ್ದರು, ಕುರ್ಚಿಗೆ ಕಾಲು ಜೋಡಿಸಿದ ಹಾಗೆ ಅಂತ.

"ವಾಲ್ವ್ ಬದಲಾಯಿಸಿದ ಹಾಗೆ," ಅಂತ ಅಪ್ಪ ತಿದ್ದಿದರು. ರಿಪೇರಿಗೆ ಬಂದ ಎಷ್ಟೋ ಸೆಟ್ಟುಗಳನ್ನು ಮಾಡಿದವರು ಅವುಗಳನ್ನು ಯಾರಾದರೂ ಬಿಚ್ಚಿಯಾರು ಅಂತ ಯೋಚಿಸಿಯೇ ಇರಲಿಲ್ಲ ಅನ್ನುವುದು ಅವರ ಹಳೇ ಸಿಟ್ಟು. ಕೊನೆಕೊನೆಗೆ ಬಂದ ಸೆಟ್ಟುಗಳಲ್ಲಿ ಸ್ಕ್ರೂ ಕೂಡ ಇರಲಿಲ್ಲ, ಅಂಟಿಸಿಬಿಟ್ಟಿರುತ್ತಿದ್ದರು. ಅಂಗಡಿ ಮುಚ್ಚಿದ್ದಕ್ಕೆ ಅವರು ಕೊಡುವ ಕಾರಣ ಅದೇ, ವಯಸ್ಸಲ್ಲ.

ಅಂದು ಸಂಜೆ ಕೆಲಸ ಮುಗಿಸಿದೆವು. ಹೊಸ ವೈರಿನ ತುದಿಯನ್ನು ಅಪ್ಪ ಬ್ಲೇಡಿನಲ್ಲಿ ಕೆರೆದು, ಎಳೆಗಳನ್ನು ಬೀಸಣಿಗೆಯ ಹಾಗೆ ಹರಡಿ ಬ್ರಿಜ್ಜಿನಡಿ ಇಟ್ಟರು. ಇನ್ನೊಂದು ತುದಿಯನ್ನು ವಾಲ್ಯೂಮ್ ಕಂಟ್ರೋಲಿನ ಬೆನ್ನಿಗೆ ಹಾಕಿದರು. ಕೈ ಸ್ವಲ್ಪ ನಡುಗುತ್ತದೆ ಈಗ. ಐರನ್ನಿನ ತುದಿ ಲೋಹಕ್ಕೆ ತಾಗುವ ಕ್ಷಣಕ್ಕೆ ಸರಿಯಾಗಿ ನಿಲ್ಲುತ್ತದೆ, ಅದು ಹೇಗೋ ಗೊತ್ತಿಲ್ಲ. ರಾಳದ ಹೊಗೆ ಮೇಲೆದ್ದು ಹೊಗೆಯ ಅಲಾರಂ ಬಡಿದುಕೊಂಡಿತು, ಅಮ್ಮ ಓಡಿಬಂದು ಟವೆಲ್ ಬೀಸಿದರು. ತಂತಿ ಬಿಗಿದು, ವೈರ್ ಚುಚ್ಚಿ, ತಂತಿಗಳ ಮೇಲೆ ಅಂಗೈ ಇಟ್ಟೆ. ನಿಶ್ಶಬ್ದ. ಆಂಪ್ಲಿಫೈಯರ್ ಆನ್ ಇದೆಯಾ ಅಂತ ಕೆಂಪು ದೀಪ ನೋಡಿ ಖಚಿತ ಮಾಡಿಕೊಳ್ಳಬೇಕಾಯಿತು.

ಪಿಕ್‌ಗಾರ್ಡ್ ಮುಚ್ಚಲು ತಂತಿಗಳನ್ನು ಮತ್ತೆ ಸಡಿಲ ಮಾಡಿದೆ. ಅಷ್ಟರಲ್ಲಿ ಅಪ್ಪ ಮೊಮ್ಮಗಳ ಪೆನ್ಸಿಲ್ ಬಾಕ್ಸಿಗೆ ಕೈಹಾಕಿದ್ದರು. ಅದು ಅವರ ಹಳೇ ಚಾಳಿ. ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ರೇಡಿಯೋದ ಪೆಟ್ಟಿಗೆಯೊಳಗೆ, ಯಾರಿಗೂ ಕಾಣದ ಜಾಗದಲ್ಲಿ, ಪೆನ್ಸಿಲಿನಲ್ಲಿ ತಾರೀಖು ಬರೆದು ಇನಿಷಿಯಲ್ ಹಾಕುತ್ತಿದ್ದರು. ಮುಂದೆ ಬಿಚ್ಚುವವನಿಗೆ ಗೊತ್ತಾಗಲಿ ಅಂತ. ಫುಲರ್ಟನ್ನಿನಲ್ಲೂ ಆ ಪದ್ಧತಿ ಇತ್ತು. 1950ರ ದಶಕದ ನೆಕ್ಕುಗಳನ್ನು ಬಿಚ್ಚಿದರೆ ಬುಡದಲ್ಲಿ ಪೆನ್ಸಿಲಿನ ತಾರೀಖು ಸಿಗುತ್ತದೆ, ಕೆಲವದರಲ್ಲಿ ಟಿ.ಜಿ. ಅನ್ನುವ ಅಕ್ಷರವೂ. ಟಡೆಯೋ ಗೋಮೆಸ್, ನೆಕ್ ಕೆತ್ತುತ್ತಿದ್ದ ಕೆಲಸಗಾರ. ಆ ಎರಡು ಅಕ್ಷರವಿರುವ ನೆಕ್ಕಿಗೆ ಈಗ ಜನ ಹಣ ಸುರಿಯುತ್ತಾರೆ. ಆದರೆ ಅರಸೀಕೆರೆಯ ಅಕ್ಷರ ಇದ್ದರೆ ಬೆಲೆ ಇಳಿಯುತ್ತದೆ. ಮೂಲದಲ್ಲಿ ಇಲ್ಲದ್ದು ಒಂದು ಗೀರು ಇದ್ದರೂ ಸಂಗ್ರಹದವರು ಮೂಗು ಮುರಿಯುತ್ತಾರೆ. ಹೇಳಬೇಕು ಅಂತ ಬಾಯಿ ತೆರೆದೆ.

ಅಪ್ಪ ಮರದ ಗುಳಿಯೊಳಗೆ, ಕಂಟ್ರೋಲುಗಳು ಕೂರುವ ಜಾಗದಲ್ಲಿ, ಪೆನ್ಸಿಲಿನ ತುದಿ ಊರಿ ತಲೆ ಎತ್ತಿದರು.

"ಇಲ್ಲಿ ತಿಂಗಳು ಮೊದಲು ಬರೀತಾರಲ್ವಾ?"

"ನಮ್ಮ ಥರಾನೇ ಬರೀರಿ," ಅಂದೆ.